ಅಗಳಿಯಿಲ್ಲದ ಬಾಗಿಲು

"ಕೇಳ್ರಪ್ಪೋ ಕೇಳ್ರಿ! ಕೆಂಡಗಿರಿಯನ್ನು ನೋಡಲು ಬರುವ ಪರಸ್ಥಳದವರಿಗಾಗಿ ಬೆಟ್ಟದ ಮೇಲೆ ತಂಗುಮನೆ ಕಟ್ಟಿಸಬೇಕೆಂದು ಅರಸಿ ಹೊನ್ನಲದೇವಿಯವರ ಅಪ್ಪಣೆಯಾಗಿದೆ! ಕಟ್ಟಬಯಸುವವರು ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಬೆಟ್ಟದ ಉಸ್ತುವಾರಿ, ತಪ್ಪಿದವರಿಗೆ ಸೂರ್ಯ ಮುಳುಗುವ ಹೊತ್ತಿಗೆ ತಲೆದಂಡ!"

ಅರಸಿಗೆ ತಲೆ ಕೆಟ್ಟಿದೆಯೆಂದು ಜನ ಮಾತಾಡಿಕೊಂಡರು. ಹಾಗೇನಿರಲಿಲ್ಲ. ಅವಳ ತಂದೆ ಅದೇ ಬೆಟ್ಟದ ಮೇಲೆ ತೇಗದ ಮರದ ದೊಡ್ಡ ಛತ್ರ ಕಟ್ಟಿಸಿದ್ದ. ಬೆಟ್ಟ ಬೆಂಕಿ ಕಾರಿದ ದಿನ ನಲವತ್ತು ಅತಿಥಿಗಳ ಜೊತೆ ಅವನೂ ಒಳಗೇ ಬೂದಿಯಾದ. ಮತ್ತೆ ಅಂಥ ಕೆಲಸ ಅರಿಯದವನ ಕೈಗೆ ಹೋಗಬಾರದೆಂದು ಅವಳ ಹಟ. ತಲೆಯ ಭಯವಿಲ್ಲದಿದ್ದರೆ ಬಾಯಿಗೆ ಬಂದದ್ದು ಹೇಳುವ ದೊಡ್ಡ ಮನುಷ್ಯರು ಎಲ್ಲ ಊರಲ್ಲೂ ಇರುತ್ತಾರಲ್ಲ!

ಆಡು ಕಾಯುವ ಮಾಳಿಂಗ ಸುದ್ದಿ ತಿಳಿದು ಬೆಟ್ಟ ಇಳಿದು ಓಡಿಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಅವನ ಅಣ್ಣ, ಕಲ್ಲುಕುಟಿಗ ದ್ಯಾವಣ್ಣ, ಕೈ ಕಟ್ಟಿಸಿಕೊಂಡು ಅರಮನೆಯ ಅಂಗಳದಲ್ಲಿ ಕೂತಿದ್ದ. ಪಕ್ಕದಲ್ಲಿ ಜರಿಶಾಲು ಹೊದ್ದ ಪಟ್ಟಣದ ಶಿಲ್ಪಿ. ಶಿಲ್ಪಿ ಮೊದಲ ಒಗಟಿಗೇ ಬಿದ್ದಿದ್ದ, ದ್ಯಾವಣ್ಣ ಮೂರನೆಯದಕ್ಕೆ.

"ಹೋಗೋ ಮನೆಗೆ! ಅವ್ವಂಗೆ ಒಬ್ಬನಾದ್ರೂ ಉಳೀಲಿ" ಎಂದು ಅಣ್ಣ ಗದರಿದ.

ಮಾಳಿಂಗ ಹೋಗಲಿಲ್ಲ. ಅರಸಿಯ ಮುಂದೆ ನಿಂತು ಕೈಮುಗಿದ. "ನಾನು ಗೆದ್ರೆ ಈ ಇಬ್ಬರನ್ನೂ ಬಿಡಬೇಕು ತಾಯಿ."

"ಸೋತರೆ?"

"ಅಣ್ಣನ ಪಕ್ಕ ಕೂರ್ತೀನಿ."

ಅರಸಿ ಒಪ್ಪಿದಳು. "ಬೆಟ್ಟದ ಹೊಟ್ಟೆಯಲ್ಲಿ ಹುಟ್ಟಿ ನೀರಿನ ಮೇಲೆ ತೇಲುತ್ತದೆ. ಮೈತುಂಬ ಬಾಯಿ, ಒಂದರಲ್ಲೂ ಹಲ್ಲಿಲ್ಲ. ಏನದು?"

ಶಿಲ್ಪಿ ಇದಕ್ಕೆ 'ಜರಡಿ' ಅಂದಿದ್ದ.

"ತೂತುಗಲ್ಲು ತಾಯಿ. ನಮ್ಮವ್ವ ಹಿಮ್ಮಡಿ ಉಜ್ಜೋದು ಅದರಲ್ಲೇ. ಹಗುರ, ಬಿಸಿಲ ಕಾವನ್ನ ಒಳಕ್ಕೆ ಬಿಡಲ್ಲ. ಗೋಡೆಗೆ ಅದೇ ಸರಿ."

"ಬೆಂಕಿ ಕಟ್ಟಿದ ಮನೆ. ಕಂಬವಿಲ್ಲ, ತೊಲೆಯಿಲ್ಲ. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಯಾವುದದು?"

"ಬೆಂಕಿಹೊಳೆ ಹರಿದುಹೋದ ಮೇಲೆ ಉಳಿಯೋ ಸುರಂಗ. ಮೇಲಿನದು ಕೆನೆ ಥರ ಗಟ್ಟಿಯಾಗುತ್ತೆ, ಒಳಗಿಂದು ಹರಿದುಹೋಗುತ್ತೆ. ಮಧ್ಯಾಹ್ನ ನನ್ನ ಆಡುಗಳು ಮಲಗೋದು ಅಲ್ಲೇ. ಅದನ್ನೇ ಮನೆ ಮಾಡಿದ್ರೆ ಒಂದು ಮರಾನೂ ಕಡಿಯೋದು ಬೇಡ."

ಸಭೆಯಲ್ಲಿ ಪಿಸುಮಾತು ಎದ್ದಿತು. ಸೂರ್ಯ ಆಗಲೇ ಕೋಟೆಗೋಡೆಗೆ ತಾಗಿದ್ದ. ತಳವಾರ ಕತ್ತಿ ಒರೆಸಿ ಎದ್ದು ನಿಂತ.

"ಕೊನೆಯದು. ಆ ತಂಗುಮನೆಗೆ ಯಜಮಾನ ಯಾರು, ಅತಿಥಿ ಯಾರು?"

ದ್ಯಾವಣ್ಣ ಹೇಳಿದ್ದು, 'ಯಜಮಾನರು ತಾವು, ಬಂದವರು ಅತಿಥಿಗಳು.' ಅರಸಿಯ ಮುಂದೆ ಬೇರೆ ಏನು ಹೇಳಿಯಾನು? ಮಾಳಿಂಗನಿಗೆ ಬೇರೆ ಉತ್ತರ ಹೊಳೆದಿತ್ತು. ಅದನ್ನು ಹೇಳುವುದೆಂದರೆ ಅರಸಿಗೆ ಎದುರಾಡಿದ ಹಾಗೆ. ಅಣ್ಣನ ಕಡೆ ಒಮ್ಮೆ ನೋಡಿದ.

"ಯಜಮಾನರು ನೀವಲ್ಲ ತಾಯಿ."

ಸೇನಾಪತಿ ಕತ್ತಿ ಹಿರಿದ. ಅರಸಿ ಕೈಯೆತ್ತಿ ತಡೆದಳು.

"ಯಜಮಾನ ಬೆಟ್ಟ. ಬಂದವರಷ್ಟೇ ಅಲ್ಲ, ಆ ಮನೇನೂ ಅಲ್ಲಿ ಅತಿಥಿ. ನಾವು ಆಡಿನವರು ಬೆಟ್ಟದ ಮೇಲೆ ಕಂಬಳಿ ಹಾಸೋಕೆ ಮುಂಚೆ ನೆಲಕ್ಕೆ ಅಂಗೈ ಊರಿ, 'ಇವತ್ತೊಂದಿನ ಇದ್ದು ಹೋಗ್ತೀವಿ, ತಂದೆ' ಅಂತೀವಿ. ಅಂಗೈ ಸುಟ್ಟರೆ ಆಗಲೇ ಎದ್ದು ಬರ್ತೀವಿ. ನಮ್ಮ ಗುಡಿಸಲ ಬಾಗಿಲು ಇಳಿಜಾರಿನ ಕಡೆಗೇ ಇರುತ್ತೆ, ಅಗಳಿ ಇರಲ್ಲ. ಕಲ್ಲಿಗೆ ಗಾರೆ ಹಾಕಲ್ಲ. ಬೆಟ್ಟ ಕೇಳಿದ ದಿನ ಅದರ ಕಲ್ಲು ಅದಕ್ಕೇ."

ಅರಸಿ ಮಡಿಲಿನಿಂದ ಒಂದು ಕಬ್ಬಿಣದ ಅಗಳಿ ತೆಗೆದಳು. ಬೆಂಕಿಗೆ ಬಾಗಿಹೋಗಿತ್ತು. "ಬೂದಿ ಒಳಗೆ ಬರಬಾರದೆಂದು ಅಪ್ಪಾಜಿ ಇದನ್ನು ಹಾಕಿಸಿದರು. ಕಾದು ಬಾಗಿದ ಮೇಲೆ ತೆಗೆಯಲು ಬರಲಿಲ್ಲ" ಎಂದು ಅತ್ತೇಬಿಟ್ಟಳು.

ಸೂರ್ಯ ಮುಳುಗುವ ಮೊದಲೇ ಹಗ್ಗ ಬಿಚ್ಚಿದರು. ಬೆಟ್ಟದ ಉಸ್ತುವಾರಿ ಮಾಳಿಂಗನದಾಯಿತು. "ಇನ್ಮೇಲೆ ನೀ ಹೇಳು, ನಾ ಕಟ್ತೀನಿ" ಎಂದ ದ್ಯಾವಣ್ಣ.

ವರ್ಷ ಕಳೆಯುವಷ್ಟರಲ್ಲಿ ಸುರಂಗದ ಬಾಯಿಗೆ ತೂತುಗಲ್ಲಿನ ಗೋಡೆ ಎದ್ದು ತಂಗುಮನೆಯಾಯಿತು. ಮೊದಲ ಅತಿಥಿಯಾಗಿ ಅರಸಿಯೇ ಬಂದಳು. ಹೊಸ್ತಿಲಾಚೆ ಮಂಡಿಯೂರಿ ನೆಲಕ್ಕೆ ಅಂಗೈ ಇಟ್ಟಳು.

"ಇವತ್ತೊಂದಿನ ಇದ್ದು ಹೋಗ್ತೀನಿ, ತಂದೆ" ಎಂದಳು. ನೆಲ ತಣ್ಣಗಿತ್ತು.