ಹೆಬ್ಬಲಸೆಯ ಅಂಟುಬಾಗಿಲು

ಹೆಬ್ಬಲಸೆಯ ಸಂತೆಬೀದಿಯನ್ನು ದಾಟಿ ಗುಡ್ಡದ ಕಡೆ ನಡೆದರೆ ಹಾಳುಕೋಟೆಯ ಹೆಬ್ಬಾಗಿಲು ಎದುರಾಗುತ್ತದೆ. ಎರಡು ಕದಗಳಲ್ಲಿ ಬಲಗಡೆಯದು ತೆರೆದೇ ಇದೆ. ಎಡಗಡೆಯದು ಮುಚ್ಚಿಕೊಂಡಿದೆ. ಅದರ ಬುಡದಿಂದ ಆಳೆತ್ತರದವರೆಗೆ ಮರವೆಲ್ಲ ಕಪ್ಪಗಾಗಿದೆ. ಕೋಟೆಯ ಒಳಗಿನ ಬಾಗಿಲುಗಳೆಲ್ಲ ಹೊಸ್ತಿಲು ಸಮೇತ ಬಿದ್ದುಹೋದರೂ ಇದೊಂದು ನಿಂತಿದೆ. ಒಳಮಗ್ಗುಲಲ್ಲಿ ಬಂಡೆ ಇರುವುದರಿಂದ ಕದಗಳು ಹೊರಕ್ಕೆ ತೆರೆಯುವಂತೆ ಕಟ್ಟಿದ್ದಾರೆ. ಊರಿನವರು ಇದನ್ನು ಅಂಟುಬಾಗಿಲು ಎನ್ನುತ್ತಾರೆ. ತಿರುಗಣಿ ತುಕ್ಕು ಹಿಡಿದು ಕದ ಕೂತಿದೆ ಎಂದು ಓದಿದವರು ಹೇಳುವುದುಂಟು. ಊರಿನವರು ಒಪ್ಪುವುದಿಲ್ಲ. ಅದು ಕೂತಿರುವುದು ಈರಕ್ಕನ ಸಿಟ್ಟಿನಿಂದ ಎಂಬುದೇ ಅವರ ಮಾತು.

ಹಿಂದೆ ಒಮ್ಮೆ ಈ ಸೀಮೆಯನ್ನು ಹಾಲಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಆಗಲೂ ಈ ಊರು ಹಲಸಿನ ಊರೇ. ಹಳೆಯ ರಾಗಿ ಮುಗಿದು ಹೊಸ ರಾಗಿ ಬರುವವರೆಗಿನ ಬಡತಿಂಗಳುಗಳನ್ನು ಜನ ಹಲಸಿನ ತೊಳೆ ತಿಂದು, ಬೀಜ ಬೇಯಿಸಿಕೊಂಡು ದಾಟುತ್ತಿದ್ದರು. ಹಸಿದು ಹಲಸು ಎಂಬ ಗಾದೆ ಬೇರೆಯವರಿಗೆ ಮಾತು, ಹೆಬ್ಬಲಸೆಗೆ ಅದೇ ಬದುಕು. ಈರಕ್ಕನ ತೋಟದಲ್ಲಿ ಹದಿನಾಲ್ಕು ಮರಗಳಿದ್ದವು. ಎಲ್ಲವನ್ನೂ ಬೀಜ ಊರಿ, ನೀರು ಹೊತ್ತು ಬೆಳೆಸಿದವಳು ಅವಳ ಅತ್ತೆ ಗೌರಜ್ಜಿ. ಕಣ್ಣು ಮಂಜಾದ ಮೇಲೂ ಮುದುಕಿ ದಿನಕ್ಕೊಮ್ಮೆ ತೋಟ ಸುತ್ತಿ, ಒಂದೊಂದು ಕಾಯಿಯನ್ನೂ ಬೆರಳಿನಿಂದ ತಟ್ಟಿ, ಇನ್ನೆಷ್ಟು ದಿನಕ್ಕೆ ಹಣ್ಣಾಗುತ್ತದೆಂದು ಸದ್ದಿನಲ್ಲೇ ಹೇಳುತ್ತಿದ್ದಳು. ಯಾವ ಮರದ ತೊಳೆ ಬಿಳಿ, ಯಾವುದು ಹಳದಿ, ಯಾವುದು ಕೆಂಪು ಚಂದ್ರಹಲಸು ಎಂಬುದನ್ನೆಲ್ಲ ಸೊಸೆಗೆ ಕಲಿಸಿದ್ದಳು.

ಆ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಮೇಲಿನ ದೊರೆಯ ದೂತನೊಬ್ಬ ಕೋಟೆಗೆ ಬಂದಿಳಿದ. ನೂರು ಚಂದ್ರಹಲಸನ್ನು ಕಾಣಿಕೆ ಕಳಿಸುತ್ತೇನೆಂದು ಹಾಲಪ್ಪನಾಯಕ ಅವನ ಮುಂದೆ ಮೀಸೆ ತಿರುವಿ ಮಾತು ಕೊಟ್ಟ. ಮರುದಿನ ಬೆಳಿಗ್ಗೆ ಪಾರುಪತ್ಯಗಾರ ರಂಗಪ್ಪಯ್ಯ ಅರವತ್ತು ಆಳುಗಳ ಜೊತೆ ತೋಟಗಳಿಗೆ ನುಗ್ಗಿದ. ಆಳುಗಳ ಕೈಯಲ್ಲಿ ಬಾಗುಗತ್ತಿಗಳಿದ್ದವು. ಮರದ ಮೇಲಿದ್ದಂತೆಯೇ ಕಾಯಿಯನ್ನು ಮುಮ್ಮೂಲೆಯಾಗಿ ಕೆತ್ತಿ, ತುಂಡು ತೆಗೆದು, ಒಳಗಿನ ಬಣ್ಣ ನೋಡಿ ಮುಂದಿನ ಕಾಯಿಗೆ ಹೋಗುತ್ತಿದ್ದರು. ಕೆತ್ತಿದ ಎಳೆಗಾಯಿ ಹಣ್ಣಾಗುವುದಿಲ್ಲ, ಕೊಳೆಯುತ್ತದೆ. ಇದು ಹೆಬ್ಬಲಸೆಯ ಮಕ್ಕಳಿಗೂ ಗೊತ್ತು. ಈರಕ್ಕ ಓಡಿಬಂದು ಪಾರುಪತ್ಯಗಾರನ ಮುಂದೆ ನಿಂತಳು.

"ಬುದ್ಧೀ, ಮರ ಒಂದೇ ಆದ್ರೆ ತೊಳೆ ಬಣ್ಣವೂ ಒಂದೇ. ಮರಕ್ಕೊಂದು ಕೆತ್ತಿದ್ರೆ ಸಾಕು. ಅದೂ ಬೇಡ, ನಮ್ಮತ್ತೇನ ಕೇಳಿ, ಕೆಂಪು ಮರ ಯಾವ್ಯಾವುದು ಅಂತ ನಿಂತಲ್ಲೇ ಹೇಳ್ತಾರೆ."

ರಂಗಪ್ಪಯ್ಯ ಅವಳ ಮುಖವನ್ನೂ ನೋಡಲಿಲ್ಲ. "ಕುರುಡಿ ಮಾತು ನಂಬಿ ದೊರೆಗೆ ಬಿಳೀ ಹಣ್ಣು ಕೊಡಲೇ? ಒಂದೂ ಬಿಡಬೇಡಿ, ಎಲ್ಲವನ್ನೂ ಕೆತ್ತಿ" ಎಂದು ಆಳುಗಳಿಗೆ ಕೂಗಿದ.

ಮೂರು ದಿನದಲ್ಲಿ ಊರಿನ ಒಂದು ಕಾಯಿಯೂ ಉಳಿಯಲಿಲ್ಲ. ಮೂರನೆಯ ದಿನ ಸಂಜೆ ಗೌರಜ್ಜಿ ಎಂದಿನಂತೆ ತೋಟ ಸುತ್ತಿದಳು. ಮೊದಲ ಮರದ ಕಾಯಿಗೆ ಕೈಯಿಟ್ಟಾಗ ಬೆರಳು ತೂತಿನೊಳಗೆ ಇಳಿಯಿತು. ಎರಡನೆಯದರಲ್ಲೂ ತೂತು. ಹದಿನಾಲ್ಕು ಮರಗಳನ್ನೂ ಮುಟ್ಟಿ ಬಂದು, ಸೊನೆ ಮೆತ್ತಿದ ಕೈಯನ್ನು ತೊಳೆಯದೆ ಜಗಲಿಯ ಮೇಲೆ ಕೂತಳು. ಆಷಾಢದ ಮಳೆ ಹಿಡಿಯಿತು. ತೂತುಗಳಿಗೆ ನೀರಿಳಿದು ಕಾಯಿಗಳು ಮರದಲ್ಲೇ ಕೊಳೆತು ಸೋರಿದವು. ಆರಿಸಿ ಕಿತ್ತು, ತೂತಿಗೆ ಮಣ್ಣು ಮೆತ್ತಿ ಕೋಟೆಯಲ್ಲಿ ಒಟ್ಟಿದ್ದ ನೂರು ಕೆಂಪು ಕಾಯಿಗಳೂ ಹಾಗೆಯೇ ಕೊಳೆತವು. ಊರಿನ ಮಡಕೆಗಳು ಬರಿದಾದವು. ನನಗೆ ಹಸಿವಿಲ್ಲ ಎನ್ನುತ್ತ ಗೌರಜ್ಜಿ ತನ್ನ ಪಾಲಿನ ಅಂಬಲಿಯನ್ನು ಮೊಮ್ಮಕ್ಕಳ ಕಡೆ ದೂಡುತ್ತಿದ್ದಳು. ಹೀಗೆ ದೂಡಿ ದೂಡಿ ಒಂದು ಮಧ್ಯಾಹ್ನ ಜಗಲಿಯ ಮೇಲೇ ತೀರಿಹೋದಳು.

ಹನ್ನೊಂದನೆಯ ದಿನ ಎಡೆ ಇಡಲು ಮನೆಯಲ್ಲಿ ಹಿಡಿ ಹಿಟ್ಟಿರಲಿಲ್ಲ. ಬಂದ ನೆಂಟರು ತಲೆ ತಗ್ಗಿಸಿ ಕೂತಿದ್ದರು. ಈರಕ್ಕ ಅಳಲಿಲ್ಲ. ಅವಳ ಅಳುವೆಲ್ಲ ಸಿಟ್ಟಾಗಿತ್ತು ಎನ್ನುತ್ತಾರೆ. ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ದೊಡ್ಡ ಬುಟ್ಟಿ ತೆಗೆದುಕೊಂಡು ತೋಟಕ್ಕೆ ಹೋದಳು. ಹುಳು ಬಿದ್ದ ಕಾಯಿಗಳನ್ನು ತುಂಬಿ ತಲೆಯ ಮೇಲಿಟ್ಟುಕೊಂಡಳು. ಕೊಳೆತ ರಸ ಕೆನ್ನೆಯ ಮೇಲೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ನಡುಬೀದಿಯಲ್ಲಿ ನಡೆದಳು. "ಎಲ್ಲಿಗೆ ಈರಕ್ಕ?" ಎಂದವರಿಗೆ, "ಎಡೆ ಇಡೋಕೆ" ಎಂದಷ್ಟೇ ಹೇಳಿದಳು. ಮುಚ್ಚಿದ್ದ ಹೆಬ್ಬಾಗಿಲ ಮುಂದೆ ಬುಟ್ಟಿ ಬೋರಲು ಹಾಕಿ, ಮತ್ತೊಂದು ತರಲು ಹಿಂತಿರುಗಿದಳು. ಅವಳು ಎರಡನೆಯ ಬುಟ್ಟಿ ಹೊತ್ತಾಗ ಹಿಂದೆ ಹತ್ತು ಹೆಂಗಸರಿದ್ದರು. ಮೂರನೆಯದಕ್ಕೆ ಊರೇ ಇತ್ತು. ಗಾಡಿಗಟ್ಟಲೆ ಬಂದು ಬಿತ್ತು ಕೊಳೆ. ಕದಗಳ ಸಂದಿಗೆ, ತಿರುಗಣಿಗೆ ಗಂಡಸರು ಹಲಸಿನ ಅಂಟನ್ನು ಒತ್ತಿ ತುಂಬಿದರು. ಕಾವಲಿನವರಿಗೆ ಅರಿವಾಗುವಷ್ಟರಲ್ಲಿ ರಾಶಿ ಎದೆಮಟ್ಟಕ್ಕೆ ಏರಿ, ಹೊರಕ್ಕೆ ತೆರೆಯುವ ಬಾಗಿಲು ಮಿಸುಕದಾಯಿತು.

ನಾಯಕ ಮೂಗಿಗೆ ಬಟ್ಟೆ ಒತ್ತಿಕೊಂಡು ಕೊತ್ತಲದ ಮೇಲೆ ಕಾಣಿಸಿಕೊಂಡ. "ಯಾರ ಅಪ್ಪಣೆಯಿಂದ ನನ್ನ ಬಾಗಿಲಿಗೆ ಹೊಲಸು ಸುರೀತಿದೀರಿ?"

"ನಿಮ್ಮ ಅಪ್ಪಣೆಯಿಂದಲೇ ದೊರೆ" ಎಂದಳು ಈರಕ್ಕ. "ಎಲ್ಲಾನೂ ಕೆತ್ತಿ ಅಂದಿದ್ರಲ್ಲ ನಿಮ್ಮ ಪಾರುಪತ್ಯಗಾರರು. ಕೆತ್ತಿದ್ದು ಇದೇ. ಇದನ್ನ ಮನೇಲಿಟ್ಟುಕೊಂಡು ನಾವೇನು ಮಾಡೋಣ? ಇಳಿದು ಬಂದು ಊಟ ಮಾಡಿ."

ನಾಯಕನ ಮುಖ ಕೆಂಪೇರಿತು. ಬಾಣ ಬಿಡಿ ಎಂದ. ಕಾವಲಿನ ಮುಖ್ಯಸ್ಥ ಬಿಲ್ಲನ್ನು ಗೋಡೆಗೆ ಒರಗಿಸಿದ. "ಆ ಮುಂದಿನ ಬುಟ್ಟಿ ಹೊತ್ತವಳು ನನ್ನ ತಾಯಿ, ದೊರೆ. ಅವಳ ಪಕ್ಕದವಳು ಈ ಬಿಲ್ಲುಗಾರನ ಅಕ್ಕ. ಯಾರ ಮೇಲೆ ಬಿಡೋಣ?" ಉಳಿದವರೂ ಬಿಲ್ಲು ಇಳಿಸಿದರು.

ನಾಲ್ಕು ದಿನ ಹೀಗೆ ನಡೆಯಿತು. ನೊಣ, ಕಣಜ ಮುತ್ತಿದವು. ನಾತಕ್ಕೆ ಗುಡ್ಡದ ಕರಡಿಗಳು ಹಾಡಹಗಲೇ ಬಂದವು. ಕಾಣಿಕೆಗೆಂದು ಕೋಟೆಯಲ್ಲೇ ಕಾದು ಕೂತಿದ್ದ ದೂತ ಮೊದಲ ದಿನ ನಕ್ಕ, ಎರಡನೆಯ ದಿನ ವಾಂತಿ ಮಾಡಿಕೊಂಡ, ಮೂರನೆಯ ದಿನ ನಾಯಕನನ್ನು ಬಯ್ದ. ಐದನೆಯ ದಿನ ನಾಯಕ ಕೋಟೆಯಲ್ಲಿ ಕಾಳು ಹೂತಿಟ್ಟಿದ್ದ ಹಗೇವುಗಳನ್ನು ತೆರೆಸಿದ. ಬಾಗಿಲು ತೆರೆಯದೆ ಇದ್ದುದರಿಂದ ರಾಗಿಯನ್ನು ಬುಟ್ಟಿಗಳಲ್ಲಿ ತುಂಬಿ, ಹಗ್ಗ ಕಟ್ಟಿ ಗೋಡೆಯ ಮೇಲಿಂದ ಇಳಿಬಿಡಬೇಕಾಯಿತು. ಮೇಲಿನ ದೊರೆಯ ದೂತನೂ ಅದೇ ಬುಟ್ಟಿಯಲ್ಲಿ, ಕಾಣಿಕೆಯಿಲ್ಲದೆ, ಮೊಣಕಾಲು ಮಡಚಿಕೊಂಡು ಇಳಿದುಹೋದ. ಹೊಸ ಬೆಳೆ ಬರುವವರೆಗೆ ಊರಿಗೆ ರಾಗಿ ಹೀಗೆಯೇ ಇಳಿಯಿತು. ಕೊನೆಯ ಬುಟ್ಟಿಯಲ್ಲಿ ಈರಕ್ಕನಿಗೆಂದು ಜರಿಯಂಚಿನ ಸೀರೆಯೊಂದು ಬಂತು. ಅವಳು ಅದನ್ನು ಬಿಡಿಸಿ ನೋಡಿದಳು. "ಇದನ್ನ ಹೊದಿಸೋಕೆ ನಮ್ಮತ್ತೆ ಇಲ್ಲ" ಎಂದು ಕೊಳೆಯ ರಾಶಿಯ ಮೇಲೆ ಎಸೆದು ಹೊರಟುಹೋದಳು. ಮುಂದೆ ಇಪ್ಪತ್ತು ವರ್ಷ ಬದುಕಿದರೂ ಅವಳು ಆ ಬಾಗಿಲನ್ನು ದಾಟಲಿಲ್ಲ, ನಾಯಕನನ್ನು ಕ್ಷಮಿಸಲೂ ಇಲ್ಲ. ರಾಶಿ ತೆಗೆಸಿ, ಅಂಟು ಕೆರೆಸಿ, ಆನೆ ಕಟ್ಟಿ ಎಳೆಸಿದರೂ ತೆರೆದುಕೊಂಡದ್ದು ಬಲಗಡೆಯ ಒಂದೇ ಕದ ಎನ್ನುತ್ತಾರೆ.

ಇಂದಿಗೂ ಆಷಾಢದಲ್ಲಿ ಬಂದವರು ಈ ಬಾಗಿಲ ಮುಂದೆ ಹಲಸಿನ ರಾಶಿಗಳನ್ನು ಕಾಣಬಹುದು. ಮಾರುವವರು ಹೆಚ್ಚಾಗಿ ಹೆಂಗಸರು. ಹಣ್ಣನ್ನು ತಟ್ಟಿ ತೋರಿಸುತ್ತಾರೆ, ಮೂಸಲು ಕೊಡುತ್ತಾರೆ, ಯಾವ ತೋಟದ ಎಷ್ಟನೆಯ ಮರವೆಂದು ಹೇಳುತ್ತಾರೆ. ಕೆತ್ತಿ ಮಾತ್ರ ತೋರಿಸುವುದಿಲ್ಲ. ಹೋದ ವರ್ಷ ಪರಊರಿನ ವ್ಯಾಪಾರಿಯೊಬ್ಬ ತಿಳಿಯದೆ, "ಒಂದು ಚೂರು ಕೆತ್ತಿ, ಬಣ್ಣ ನೋಡೋಣ" ಎಂದುಬಿಟ್ಟ. ಮಾರಲು ಕೂತಿದ್ದ ಮುದುಕಿ ತನ್ನ ಹಣ್ಣನ್ನು ಮಡಿಲಿಗೆ ಎಳೆದುಕೊಂಡಳು. "ನಮ್ಮ ಮಾತು ನಂಬಿದ್ರೆ ತಗೊಂಡು ಹೋಗಪ್ಪ. ಇಲ್ದಿದ್ರೆ ಎದ್ದು ಹೋಗು" ಎಂದಳು. ಸಾಲಿನ ಹೆಂಗಸರೆಲ್ಲ ಕೈಯಲ್ಲಿದ್ದುದನ್ನು ಕೆಳಗಿಟ್ಟು ಅವನ ಕಡೆಗೇ ನೋಡುತ್ತಿದ್ದರು.