ಸಂಜೆಮಲ್ಲಿಗೆಗೆ ಆ ಹೆಸರು ಬಂದದ್ದು

ಡಂಗುರದವನು ಕೆರೆ ಏರಿಯ ಮೇಲೆ ನಿಂತು ಸಾರಿದ: ರಾಜಕುಮಾರಿ ಪದುಮಲೆಯ ಮೂರು ಒಗಟು ಒಡೆದವನಿಗೆ ಆಕೆಯೊಂದಿಗೆ ಮದುವೆ, ಇಲ್ಲವೇ ಕೇಳಿದ ಒಂದು ವರ, ತಪ್ಪಿದವನಿಗೆ ತಲೆದಂಡ.

ಮಣ್ಣು ಹೊರುವ ದುಗ್ಗ ಬುಟ್ಟಿ ಇಳಿಸದೆಯೇ ಕೇಳಿಸಿಕೊಂಡ. ಇಳಿಸಿದರೆ ಮತ್ತೆ ಎತ್ತಬೇಕಲ್ಲ. ಪಂಜು ಹಚ್ಚಿಯಾದರೂ ಕೆಲಸ ನಡೆಯಲಿ ಎಂದು ಅರಸ ಅಪ್ಪಣೆ ಮಾಡಿ ಮೂರು ವರ್ಷವಾಗಿತ್ತು, ಹಬ್ಬಕ್ಕೂ ಬಿಡುವಿಲ್ಲ. ದುಗ್ಗನ ಮಗಳಿಗೂ ಅಷ್ಟೇ ವಯಸ್ಸು. ನಸುಕಿಗೆ ಹೊರಟು ನಡುರಾತ್ರಿ ಮರಳುವ ಅವನು, ಅವಳು ಎಚ್ಚರವಾಗಿದ್ದುದನ್ನು ಒಂದು ದಿನವೂ ಕಂಡಿರಲಿಲ್ಲ. ಗೆದ್ದರೆ ಬಿಡುವು, ಸೋತರೆ ಪೂರಾ ಬಿಡುವು ಎಂದುಕೊಂಡು ಅರಮನೆಗೆ ನಡೆದ.

ಅಲ್ಲಿ ಮೊದಲ ಒಗಟಿಗೇ ಇಬ್ಬರ ಕತೆ ಮುಗಿದಿತ್ತು. ಕೈಯಿಲ್ಲದೆ ಸಾವಿರ ತಲೆಗಳ ಹೊರೆ ಇಳಿಸುವುದು ಯಾವುದು ಎಂದರೆ ಒಬ್ಬ ರಾಜಕುಮಾರ ಸಾವು ಎಂದ, ಒಬ್ಬ ಪಂಡಿತ ಶ್ಲೋಕಸಮೇತ ನಿದ್ರೆ ಎಂದ. ಎಷ್ಟು ಓದಿದರೂ ಕುತ್ತಿಗೆ ಒಂದೇ.

"ಸಂಜೆಮಲ್ಲಿಗೆ ತಾಯಿ," ಎಂದ ದುಗ್ಗ. "ಮುಂಚೆ ಅದು ಅರಳಿದ್ರೆ ಏರಿ ಮೇಲಿನವರೆಲ್ಲ ಬುಟ್ಟಿ ಇಳಿಸ್ತಿದ್ವಿ."

ಪದುಮಲೆ ಎರಡನೆಯದನ್ನು ಕೇಳಿದಳು: ಮೋಡದ ದಿನವೂ ಹೊತ್ತು ತಪ್ಪದ ಸಾಕ್ಷಿ ಯಾರು, ಆ ಸಾಕ್ಷಿಯನ್ನು ಒಪ್ಪದವರು ಯಾರು?

ಸಾಕ್ಷಿ ಅದೇ ಹೂವು ಎಂದು ದುಗ್ಗ ಹೇಳಿದ. ಉಳಿದ ಮಾತಿಗೆ ತಲೆಯೇ ಹೋಗಬಹುದಿತ್ತು. ಆದರೆ ಹೆದರುವುದಕ್ಕೂ ಶಕ್ತಿ ಬೇಕು, ಅವನಲ್ಲಿ ಅಷ್ಟು ಉಳಿದಿರಲಿಲ್ಲ.

"ಒಪ್ಪದವರು ನಮ್ಮ ದೊರೆಗಳು."

ಅರಸ ಮಗಳತ್ತ ತಿರುಗಿದ. ಉತ್ತರ ಸರಿ ಎಂದಳು ಅವಳು. ಮೂರು ವರ್ಷ ಉಪ್ಪರಿಗೆಯಿಂದ ಆ ಪಂಜುಗಳನ್ನು ನೋಡಿದವಳು, ರಾತ್ರಿ ಕೆಲಸ ನಿಲ್ಲಿಸೆಂದು ಅಪ್ಪನನ್ನು ಬೇಡಿಕೊಂಡು ಸೋತವಳು. ತಲೆದಂಡದ ಷರತ್ತು ಅಪ್ಪನದು. ಆದರೆ ಅಪ್ಪ ಸಭೆಯಲ್ಲಿ ಕೊಟ್ಟ ಮಾತಿಗೆ ತಪ್ಪುವವನಲ್ಲ.

ಅವಳೂ ದಣಿದ ದನಿಯಲ್ಲೇ ಕೊನೆಯದನ್ನು ಕೇಳಿದಳು. "ಮಲ್ಲಿಗೆಯ ಜಾತಿಯಲ್ಲ, ಬಣ್ಣವೂ ಅಲ್ಲ. ಈ ಹೂವಿಗೆ ಮಲ್ಲಿಗೆಯ ಹೆಸರು ಹೇಗೆ ಬಂತು?"

"ನಿಜವಾದ ಮಲ್ಲಿಗೆಯೆಲ್ಲ ಗುಡಿಗೆ, ಅರಮನೆಗೆ ಹೋಗುತ್ತೆ ತಾಯಿ. ಮಣ್ಣು ಹೊರೋ ಹೆಣ್ಣಾಳುಗಳಿಗೆ ಬಿಡುವಾಗೋ ಹೊತ್ತಿಗೆ ಬೇಲೀಲಿ ಅರಳಿರೋದು ಇದೊಂದೇ. ಇದನ್ನೇ ಮುಡಿದು, ನಮ್ಮ ಮಲ್ಲಿಗೆ ಇದೇ ಅಂದ್ರು. ನಮ್ಮಜ್ಜಿ ಕಾಲದ ಮಾತು. ಈಗ ಮುಡಿಯೋಕೆ ಹೊತ್ತಿಲ್ಲ, ಗಿಡದಲ್ಲೇ ಬಾಡುತ್ತೆ."

ಇದೂ ಸರಿ ಎಂದಳು ಪದುಮಲೆ. ದುಗ್ಗ ಮನೆಯಲ್ಲಿ ಹೆಂಡತಿಯಿದ್ದಾಳೆಂದು ಮದುವೆ ಒಲ್ಲೆನೆಂದ. ಈ ಹೂವು ಅರಳಿದ ಮೇಲೆ ಯಾರ ತಲೆಯ ಮೇಲೂ ಬುಟ್ಟಿ ಇರಬಾರದು, ಅಷ್ಟನ್ನೇ ಬೇಡಿದ. ಅರಸ ಒಪ್ಪಲೇಬೇಕಾಯಿತು.

ಅಂದು ಇನ್ನೂ ಬೆಳಕಿರುವಾಗಲೇ ದುಗ್ಗ ಮನೆ ಮುಟ್ಟಿದ. ಅಂಗಳದಲ್ಲಿ ಆಡುತ್ತಿದ್ದ ಮಗಳು ತಲೆಯೆತ್ತಿ ಅವನನ್ನೇ ದಿಟ್ಟಿಸಿದಳು. ಆಮೇಲೆ ಎದ್ದು ಒಳಗೆ ಓಡಿದಳು.

"ಅವ್ವಾ, ಯಾರೋ ಬಂದವ್ರೆ."