ಬೋರಣ್ಣನ ಹೊಳೆಯುವ ಉಗುರು

ಹುಣಸೆಗುತ್ತಿ ಎಂಬ ಕಾಡಿನ ನಡುವೆ ಒಂದು ಹೊಂಡವಿತ್ತು, ಮಕ್ಕಳೇ. ಅದರ ದಂಡೆಯ ಮೇಲೆ ಬೋರಣ್ಣ ಎಂಬ ಹೆಗ್ಗಣ ತನ್ನ ಹೆಂಡತಿ ನಿಂಗಕ್ಕ ಮತ್ತು ಐದು ಮರಿಗಳ ಜೊತೆ ವಾಸವಾಗಿದ್ದ.

ಹೆಗ್ಗಣ ನೋಡಲು ಇಲಿಯ ಹಾಗೇ ಇರುತ್ತದೆ, ಆದರೆ ಇಲಿಗಿಂತ ಬಹಳ ದಪ್ಪ. ನೆಲ ಅಗೆಯುವುದರಲ್ಲಿ ಭಾರಿ ಗಟ್ಟಿಗ. ಇದು ನಿಮಗೆ ಗೊತ್ತಿರಬಹುದು. ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಕತೆಯಲ್ಲಿ ಅಗೆಯುವ ಕೆಲಸವೇ ಮುಖ್ಯ.

ಬೋರಣ್ಣ ಬೇರೆ ಪ್ರಾಣಿಗಳಿಗೆ ಬಿಲ ತೋಡಿಕೊಡುತ್ತಿದ್ದ. ಒಂದು ಬಿಲಕ್ಕೆ ಹತ್ತು ಕಾಡುಗೆಣಸು ಕೂಲಿ. ಹೀಗೆ ದುಡಿದ ಗೆಣಸೆಲ್ಲ ಅವನ ಬಿಲದ ಹಿಂದಿನ ಕೋಣೆಯಲ್ಲಿ ರಾಶಿಯಾಗಿತ್ತು. ಅವನ ಉಗುರುಗಳಲ್ಲಿ ಮಾತ್ರ ಯಾವಾಗಲೂ ಮಣ್ಣು ಮೆತ್ತಿಕೊಂಡಿರುತ್ತಿತ್ತು. ಅಗೆಯುವವನ ಉಗುರು ಇನ್ನು ಹೇಗಿರಬೇಕು, ಹೇಳಿ?

ಒಂದು ದಿನ ಸುಗಂಧರಾಯರು ಎಂಬ ಪುನುಗು ಬೆಕ್ಕು ಹೊಂಡಕ್ಕೆ ನೀರು ಕುಡಿಯಲು ಬಂದರು. ಪುನುಗು ಬೆಕ್ಕಿನ ಮೈಯಿಂದ ಪರಿಮಳ ಬರುತ್ತದೆ, ಅದಕ್ಕೇ ಅವರಿಗೆ ಆ ಹೆಸರು.

"ಅಯ್ಯಯ್ಯೋ, ಏನಯ್ಯಾ ಆ ಕೈ!" ಎಂದು ರಾಯರು ಮೂಗು ಮುಚ್ಚಿಕೊಂಡರು. "ನೀನು ಕೂಲಿಯವನೇನು?"

ಬೋರಣ್ಣನ ಮುಖ ಚಿಕ್ಕದಾಯಿತು. "ಛೇ, ಇಲ್ಲ ರಾಯರೇ! ಹೊತ್ತು ಹೋಗಲಿ ಅಂತ ಸುಮ್ಮನೆ ಕೆದಕುತ್ತಿದ್ದೆ. ನಮ್ಮ ಮನೆಯಲ್ಲಿ ತಿಂದು ಚೆಲ್ಲುವಷ್ಟಿದೆ. ನಾಳೆ ಊಟಕ್ಕೆ ಬನ್ನಿ, ನೀವೇ ನೋಡುವಿರಂತೆ."

ರಾಯರು ಬಂದರು. ಹೊಟ್ಟೆ ತುಂಬ ತಿಂದರು. ಮರುದಿನ ನಾಲ್ಕು ಜನ ನೆಂಟರನ್ನೂ ಕರೆತಂದರು.

ಅಂದಿನಿಂದ ಬೋರಣ್ಣ ಬದಲಾದ. ಕರಡಿಗೆ ಎರಡೆರಡು ಗೆಣಸು ಕೊಟ್ಟು ಜೇನುಮೇಣ ತಂದು ದಿನಾ ಉಗುರಿಗೆ ತಿಕ್ಕಿದ. ಉಗುರು ಉದ್ದವಾಗಿ ಬೆಳೆದು ಕನ್ನಡಿಯ ಹಾಗೆ ಹೊಳೆಯಿತು. ಯಾರಾದರೂ ಬಿಲ ತೋಡಿಕೊಡು ಎಂದು ಬಂದರೆ, "ಆ ಕೆಲಸವೆಲ್ಲ ಬಿಟ್ಟೆನಪ್ಪಾ" ಎನ್ನುತ್ತಿದ್ದ. ಬರುವ ಗೆಣಸು ನಿಂತಿತು, ಹೋಗುವ ಗೆಣಸು ಮಾತ್ರ ಹೋಗುತ್ತಲೇ ಇತ್ತು. ಹೀಗಾದರೆ ರಾಶಿ ಕರಗದೆ ಇರುತ್ತದೆಯೇ? ಮೂರೇ ತಿಂಗಳಲ್ಲಿ ಹಿಂದಿನ ಕೋಣೆಯಲ್ಲಿ ಮೂರೇ ಗೆಣಸು ಉಳಿದವು.

ಅಷ್ಟರಲ್ಲಿ ಬೇಸಿಗೆ ಬಂದು ಹೊಂಡ ಒಣಗಿತು. ಆನೆ ದೊಡ್ಡಮ್ಮ ಕಾಡಿಗೆಲ್ಲ ಹಿರಿಯಳು. ಪ್ರತಿ ವರ್ಷ ತಾನೇ ಹೊಂಡ ಅಗೆದು ನೀರು ತರಿಸುತ್ತಿದ್ದಳು. ಈ ಸಲ ಅವಳ ಕಾಲಿಗೆ ಮುಳ್ಳು ಚುಚ್ಚಿ ಬಾತಿತ್ತು. ಹಾಗಾಗಿ ಅಗೆಸಲು ಒಬ್ಬ ಮೇಸ್ತ್ರಿಯನ್ನು ಹುಡುಕುತ್ತಿದ್ದಾಳೆ, ಮೇಸ್ತ್ರಿಯಾದವರಿಗೆ ವರ್ಷವಿಡೀ ಕಾಡಿನವರೆಲ್ಲ ಸೇರಿ ಗೆಣಸು ಕೊಡುತ್ತಾರೆ ಎಂದು ಸುದ್ದಿ ಹಬ್ಬಿತ್ತು.

ಒಂದು ಬೆಳಿಗ್ಗೆ ದೊಡ್ಡಮ್ಮ ಕುಂಟುತ್ತಾ ಬೋರಣ್ಣನ ಬಿಲದ ಮುಂದೆಯೇ ಬಂದು ನಿಂತಳು!

ಬೋರಣ್ಣ ಒಳಗೊಳಗೇ ಲೆಕ್ಕ ಹಾಕಿದ. ಆ ಕೆಲಸ ಸಿಕ್ಕರೆ ಮರಿಗಳ ಹೊಟ್ಟೆ ತುಂಬುತ್ತದೆ. ಆದರೆ ತಾನಾಗಿ ಕೇಳಿದರೆ ಮನೆಯಲ್ಲಿ ಏನೂ ಇಲ್ಲವೆಂದು ಗೊತ್ತಾಗಿಬಿಡುತ್ತದಲ್ಲ! 'ಅವಳೇ ಕೇಳಲಿ' ಎಂದುಕೊಂಡು ಅವನು ಒಳಗೆ ಕೂಗಿದ.

"ನಿಂಗೀ, ದೊಡ್ಡಮ್ಮನಿಗೆ ಗೆಣಸು ತಾರೇ!"

"ಅವು ಮರಿಗಳಿಗೆ ಇಟ್ಟಿದ್ದು ರೀ," ಎಂದು ನಿಂಗಕ್ಕ ಪಿಸುಗುಟ್ಟಿದಳು.

"ಸುಮ್ಮನೆ ತಾ. ಮರ್ಯಾದೆಯ ಪ್ರಶ್ನೆ!"

ದೊಡ್ಡಮ್ಮ ಮೂರನ್ನೂ ಒಂದೇ ಸಲ ಬಾಯಿಗೆ ಹಾಕಿಕೊಂಡಳು. ಆನೆಗೆ ಮೂರು ಗೆಣಸೆಂದರೆ ನಮಗೆ ಮೂರು ಕಡಲೆಕಾಳಿದ್ದ ಹಾಗೆ, ಪಾಪ ಅವಳದೇನೂ ತಪ್ಪಿಲ್ಲ.

"ಕೆಲಸ ಹೇಗೆ ನಡೆದಿದೆ ಬೋರಣ್ಣ?"

"ಕೆಲಸವೇ? ನಮಗೇನು ಕಡಿಮೆಯಾಗಿದೆ ದೊಡ್ಡಮ್ಮ? ಈ ಉಗುರಿಗೆ ಮಣ್ಣು ತಾಗಿ ಮೂರು ತಿಂಗಳಾಯಿತು!"

ದೊಡ್ಡಮ್ಮ ಆ ಉಗುರುಗಳನ್ನೇ ನೋಡಿದಳು. "ಸಂತೋಷ ಕಣಪ್ಪಾ. ಹೀಗೇ ಚೆನ್ನಾಗಿರು," ಎಂದು ಹೊರಟೇಹೋದಳು.

ಹೊಂಡದ ಕೆಲಸದ ಮಾತನ್ನೇ ಎತ್ತಲಿಲ್ಲ!

ಮರುದಿನ ಸಿದ್ದವ್ವ ಎಂಬ ಮುಳ್ಳುಹಂದಿ ಎರಡು ದಪ್ಪ ಗೆಣಸು ಹಿಡಿದು ಬಂದಳು. ಹಿಂದೆ ಬೋರಣ್ಣನ ಹತ್ತಿರವೇ ಕೆಲಸ ಕಲಿತವಳು.

"ಅಣ್ಣಾ, ನಿನ್ನ ಉಪಕಾರ ಮರೆಯುವುದಿಲ್ಲ," ಎಂದಳು. "ದೊಡ್ಡಮ್ಮ ನನ್ನನ್ನೇ ಮೇಸ್ತ್ರಿ ಮಾಡಿದಳು. ನಿನ್ನನ್ನೇ ಮೊದಲು ಕೇಳೋಣ ಅಂತ ಬಂದಿದ್ದಳಂತೆ. ನೀನು ಸುಖವಾಗಿರುವುದನ್ನು ನೋಡಿ, 'ಪಾಪ ಅವನಿಗೇಕೆ ತೊಂದರೆ, ಅಗೆಯುವುದನ್ನೂ ಬಿಟ್ಟಿದ್ದಾನೆ' ಅಂದಳು. ನನಗೆ ಕೆಲಸ ಕಲಿಸಿದವನು ನೀನು. ಅದಕ್ಕೇ ಮೊದಲ ಕೂಲಿ ನಿನಗೆ."

ಅವಳು ಗೆಣಸು ಕೆಳಗಿಡುವಷ್ಟರಲ್ಲಿ ಐದೂ ಮರಿಗಳು ಅದರ ಮೇಲೆ ಬಿದ್ದವು. ಒಂದು ಮರಿ ಸಿಪ್ಪೆಯನ್ನೂ ಬಿಡಲಿಲ್ಲ. ಸಿದ್ದವ್ವ ಮರಿಗಳನ್ನು ನೋಡಿದಳು, ಖಾಲಿ ಕೋಣೆಯನ್ನು ನೋಡಿದಳು.

ಬೋರಣ್ಣನಿಗೆ ನೆಲದೊಳಗೆ ಇಳಿದುಹೋಗಬೇಕು ಎನಿಸಿತು. ಇಳಿಯುವುದು ಅವನಿಗೆ ಕಷ್ಟವೂ ಅಲ್ಲ. ಆದರೆ ಇಳಿಯಲಿಲ್ಲ.

"ಸಿದ್ದವ್ವಾ, ನಾನು ಸುಳ್ಳು ಹೇಳಿದೆ," ಎಂದ. "ಮನೆಯಲ್ಲಿ ಒಂದು ಗೆಣಸೂ ಇಲ್ಲ ಕಣಮ್ಮಾ."

"ಹಾಗಾದರೆ ಏಳು ಅಣ್ಣಾ. ದೊಡ್ಡಮ್ಮನಿಗೆ ನೀನೇ ಹೇಳು."

ಬೋರಣ್ಣ ಕಲ್ಲಿಗೆ ಉಗುರು ಉಜ್ಜಿ ಮೇಣ ತೆಗೆದ. ಹೊಂಡಕ್ಕೆ ಹೋಗಿ ದೊಡ್ಡಮ್ಮನ ಮುಂದೆ ಎಲ್ಲವನ್ನೂ ಹೇಳಿದ.

ದೊಡ್ಡಮ್ಮ ಸೊಂಡಿಲು ಬೀಸಿದಳು. "ಅಯ್ಯೋ ಮಂಕೇ! ಹೊಟ್ಟೆ ತುಂಬಿದೆ ಅನ್ನುವವನಿಗೆ ಬಡಿಸಲು ನನಗೇನು ಹುಚ್ಚೇ? ಹಸಿವಾಗಿದೆ ಅಂತ ಒಂದು ಮಾತು ಹೇಳಬಾರದಿತ್ತೇ? ಮರಿಗಳ ಪಾಲಿನ ಗೆಣಸನ್ನು ನನ್ನ ಬಾಯಿಗೆ ಹಾಕಿದೆಯಲ್ಲೋ!" ಆಮೇಲೆ ಮೆತ್ತಗೆ ಹೇಳಿದಳು: "ಕೊಟ್ಟ ಮಾತು ಕೊಟ್ಟಾಯಿತು. ಮೇಸ್ತ್ರಿ ಸಿದ್ದವ್ವನೇ. ಅವಳ ಕೈಕೆಳಗೆ ಅಗೆಯುತ್ತೀಯಾ?"

ಒಂದು ಕಾಲದಲ್ಲಿ ತಾನೇ ಕೆಲಸ ಕಲಿಸಿದವಳ ಕೈಕೆಳಗೆ! ಬೋರಣ್ಣ ಒಂದು ಕ್ಷಣ ತಲೆ ತಗ್ಗಿಸಿದ. ಸಿಪ್ಪೆ ತಿಂದ ಮರಿ ಕಣ್ಣಮುಂದೆ ಬಂತು.

"ಅಗೆಯುತ್ತೇನೆ ದೊಡ್ಡಮ್ಮ. ಎಲ್ಲಿಂದ ಶುರು ಮಾಡಲಿ ಮೇಸ್ತ್ರಿ?"

"ನನ್ನ ಹಿಂದೆ ಮಾತ್ರ ನಿಲ್ಲಬೇಡ, ಮುಳ್ಳು ಚುಚ್ಚೀತು!" ಎಂದು ಸಿದ್ದವ್ವ ನಕ್ಕಳು.

ಉದ್ದ ಬೆಳೆಸಿದ್ದ ಉಗುರುಗಳು ಮೊದಲ ದಿನವೇ ಮುರಿದವು. ಕೈ ಉರಿಯಿತು. ಆದರೂ ಅವನು ಬಿಡಲಿಲ್ಲ. ನಾಲ್ಕನೆಯ ದಿನ ಅವನ ಕೈಯ ಕೆಳಗೇ ಮಣ್ಣು ತಣ್ಣಗಾಯಿತು, ಒದ್ದೆಯಾಯಿತು, ಬುಳುಬುಳು ಎಂದು ನೀರು ಬಂತು. ಕಾಡಿನವರೆಲ್ಲ ಕುಣಿದಾಡಿದರು.

ಸುಗಂಧರಾಯರೂ ನೀರಿಗೆ ಬಂದರು. "ಏನಯ್ಯಾ ಬೋರಣ್ಣ, ಮತ್ತೆ ಕೈಯೆಲ್ಲ ಮಣ್ಣು?"

"ಹೌದು ರಾಯರೇ, ನಾನು ಕೂಲಿಯವನೇ. ನೀರು ತಣ್ಣಗಿದೆ, ಕುಡಿಯಿರಿ."

ರಾಯರು ಬಗ್ಗಿ ಹೊಟ್ಟೆ ತುಂಬ ಕುಡಿದರು.

ಆ ಸಂಜೆ ಬೋರಣ್ಣ ಕೂಲಿಯ ಗೆಣಸುಗಳನ್ನು ಮನೆಗೆ ತಂದ. ಮರಿಗಳು ತಿಂದು ಮಲಗಿದ ಮೇಲೆ ಎರಡು ಗೆಣಸು ಮಿಕ್ಕವು. ಒಂದನ್ನು ಹಿಂದಿನ ಕೋಣೆಯಲ್ಲಿಟ್ಟ. ಇನ್ನೊಂದನ್ನು ಹಿಡಿದುಕೊಂಡು, ಕೈ ತೊಳೆಯುವುದನ್ನೂ ಮರೆತು, ಸಿದ್ದವ್ವನ ಮನೆಯ ಕಡೆ ಹೊರಟ.

ನೀತಿ: ಸಿರಿವಂತರಂತೆ ತೋರಿಸಿಕೊಂಡರೆ ಕೂಡಿಟ್ಟದ್ದೂ ಕರಗುತ್ತದೆ, ಬರಬೇಕಾದ ಕೆಲಸವೂ ಬಾಗಿಲಿಂದಲೇ ತಿರುಗಿ ಹೋಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕೈಹಿಡಿದು ಎತ್ತಿದವರನ್ನು ನೆನೆಯಬೇಕು.